ಇದು ಯಾರು ಮಾಡಿದ ಪಾಪ?

ಚಾಮರಾಜಪೇಟೆ ವಲಯದ ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಕಾರ್ಯಕರ್ತೆಯೊಬ್ಬರು ಆಡಿದ ಮಾತುಗಳ ಬರಹರೂಪ



ಕಳೆದ ತಿಂಗಳ ಸಭೆಯಲ್ಲಿ ಪ್ರಶ್ನೆ ಡಬ್ಬ ಇಟ್ಟಿದ್ದೆವು, ನಿಮಗೆ ನೆನಪಿರಬೇಕು. ಹೆಸರು ಬರೆಯಬೇಡಿ, ಮನಸ್ಸಲ್ಲಿ ಇರೋದನ್ನು ಬರೆದು ಹಾಕಿ ಅಂತ ಹೇಳಿದ್ದೆವು. ಬಂದ ಚೀಟಿಗಳಲ್ಲಿ ಹೆಚ್ಚಿನವು ಸಾಲದ ಬಡ್ಡಿ, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಇವುಗಳ ಬಗ್ಗೆ. ಅವಕ್ಕೆ ಆಫೀಸಿನವರು ಉತ್ತರ ಕೊಡ್ತಾರೆ. ಒಂದು ಚೀಟಿ ಮಾತ್ರ ನನ್ನ ಹತ್ತಿರ ಬಂತು. ಕ್ಯಾಲೆಂಡರಿನ ಹಾಳೆ ಹರಿದು ಹಿಂಭಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು. “ನನ್ನ ಮಗಳಿಗೆ ತಲೆ ಸರಿ ಇಲ್ಲ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಇದು ಯಾರು ಮಾಡಿದ ಪಾಪ?” ಅಷ್ಟೇ ಇತ್ತು.

ಇವತ್ತು ನನಗೆ ಕೊಟ್ಟಿದ್ದ ವಿಷಯ ಬೇರೆ, ಉಳಿತಾಯದ ಅಭ್ಯಾಸ. ಅದನ್ನು ಮುಂದಿನ ತಿಂಗಳು ಮಾತಾಡೋಣ. ಈ ಚೀಟಿ ಬರೆದ ತಾಯಿ ಇಲ್ಲೇ ಎಲ್ಲೋ ಕೂತಿದ್ದಾರೆ. ಅವರಿಗೆ ಉತ್ತರ ಕೊಡದೆ ಉಳಿತಾಯದ ಮಾತು ನನ್ನ ಬಾಯಲ್ಲಿ ಬರೋದಿಲ್ಲ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ನಾನು ಕ್ರೈಸ್ತಳು, ನನಗೆ ಗೊತ್ತಿರೋದು ನನ್ನ ಧರ್ಮಸಭೆಯ ಮಾತು, ಅದನ್ನೇ ಹೇಳ್ತೀನಿ. ನಿಮ್ಮ ನಿಮ್ಮ ಮನೆಯ ಮಾತಿಗೆ ಹೊಂದಿಸಿಕೊಳ್ಳಿ.

ಮೊದಲು ನಮ್ಮ ಮನೆ ಕಥೆ ಹೇಳಿಬಿಡ್ತೀನಿ.

1996ರಲ್ಲಿ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆಗ ನಾವು ಇಲ್ಲೇ ಚಾಮರಾಜಪೇಟೆಯ ಒಂದು ವಠಾರದಲ್ಲಿದ್ವಿ. ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆರಿಗೆ ಆಯ್ತು, ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಮನೆಗೆ ಬಂದ ಮೇಲೆ ಎಣ್ಣೆನೀರು, ಬಾಣಂತಿ ಖಾರ, ಕಿವಿಗೆ ಹತ್ತಿ, ಎಲ್ಲ ನಡೀತಿತ್ತು. ಐದಾರು ದಿನಕ್ಕೆ ಅಕ್ಕ ನಿದ್ದೆ ಮಾಡೋದನ್ನೇ ಬಿಟ್ಟಳು. ಮಗು ಮಲಗಿದರೂ ಇವಳು ಮಲಗಳು. ರಾತ್ರಿಯೆಲ್ಲ ಓಡಾಡ್ತಾ ತಾನೇ ಏನೋ ಮಾತಾಡೋಳು. ಆಮೇಲೆ ಮಗುವನ್ನು ನೋಡಿ “ಇದು ನನ್ನ ಮಗು ಅಲ್ಲ, ಬದಲಾಯಿಸಿದ್ದಾರೆ” ಅಂದಳು. ಅದಕ್ಕಿಂತ ನಮಗೆ ಭಯ ಆಗಿದ್ದು ಅವಳ ಇನ್ನೊಂದು ಮಾತಿನಿಂದ. ಚಿಕ್ಕವಳಿದ್ದಾಗ ಒಂದು ಸಲ ದಿವ್ಯಪ್ರಸಾದವನ್ನು ಹಲ್ಲಿನಲ್ಲಿ ಕಚ್ಚಿಬಿಟ್ಟಿದ್ದಳಂತೆ, ಅದಕ್ಕೇ ದೇವರು ಮಗುವಿಗೆ ಶಾಪ ಕೊಟ್ಟಿದ್ದಾನಂತೆ. ನೂರು ಸಲ ಇದೇ ಮಾತು. “ನಾನು ಪಾಪಿ, ನಾನು ಪಾಪಿ” ಅಂತ ಎದೆ ಎದೆ ಬಡಕೊಳ್ಳೋಳು.

ಇಂಥದ್ದಕ್ಕೆ ನಮ್ಮ ಹಿರಿಯರು ಬಾಣಂತಿ ಸನ್ನಿ ಅಂತ ಹೆಸರಿಟ್ಟಿದ್ದಾರೆ. ಹೆಸರಿಟ್ಟಿದ್ದಾರೆ ಅಂದಮೇಲೆ ಹಿಂದಿನಿಂದಲೂ ಕಂಡಿದ್ದಾರೆ ಅಂತಲೇ ಅರ್ಥ. ಆದರೂ ವಠಾರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಗಾಳಿ ಸೋಕಿದೆ ಅಂದರು. ಗಂಡನ ಮನೆಯವರು ಮಾಟ ಮಾಡಿಸಿದ್ದಾರೆ ಅಂದರು. ನಮ್ಮವರೇ ಕೆಲವರು ಊರ ಹೊರಗಿನ ಒಂದು ಪ್ರಾರ್ಥನಾ ಕೂಟಕ್ಕೆ ಕರ್ಕೊಂಡು ಹೋದರು. ಅಲ್ಲಿ ನಮ್ಮ ಅಮ್ಮನನ್ನು ಎಲ್ಲರ ಮುಂದೆ ನಿಲ್ಲಿಸಿ, ನಿಮ್ಮ ವಂಶದಲ್ಲಿ ಯಾರೋ ಘೋರ ಪಾಪ ಮಾಡಿದ್ದಾರೆ, ಮೂರು ದಿನ ಬಾಣಂತಿಗೆ ಉಪವಾಸ ಹಾಕಿ ಅಂದರು. ಹಾಲೂಡಿಸೋ ಬಾಣಂತಿಗೆ! ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತೆ.

ಕೊನೆಗೆ ಅಮ್ಮ ನಮ್ಮ ಧರ್ಮಕೇಂದ್ರದ ಸ್ವಾಮಿಗಳನ್ನು ಕರೆದರು, ಬಂದು ತೀರ್ಥ ಚಿಮುಕಿಸಿ ದೆವ್ವ ಬಿಡಿಸಲಿ ಅಂತ. ಸ್ವಾಮಿಗಳು ಬಂದರು. ವಯಸ್ಸಾದವರು. ಬಾಗಿಲಲ್ಲೇ ನಿಂತು ಅಕ್ಕನನ್ನು ಸ್ವಲ್ಪ ಹೊತ್ತು ನೋಡಿದರು. ಅವರು ಕೇಳಿದ ಮೊದಲನೇ ಪ್ರಶ್ನೆ, “ಎಷ್ಟು ದಿನದಿಂದ ನಿದ್ದೆ ಮಾಡಿಲ್ಲಮ್ಮ ಇವಳು?” ಎರಡನೇ ಪ್ರಶ್ನೆ, “ಊಟ ಮಾಡಿದ್ದಾಳಾ?” ತಲೆ ಮೇಲೆ ಕೈಯಿಟ್ಟು ಒಂದು ಪರಲೋಕ ಮಂತ್ರ ಹೇಳಿ, ಆಟೋ ತರಿಸಿ, ತಾವೂ ಹತ್ತಿ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದರು. ಮೂರು ವಾರಕ್ಕೆ ಅಕ್ಕ ಮಗುವನ್ನು ಎತ್ತಿಕೊಂಡಳು. ಹೆಸರು ಹಿಡಿದು ಕರೆದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇಲ್ಲಿ ನಿಂತು ಹೇಳೋದಕ್ಕೆ ಹಿಂಜರೀತಿರಲಿಲ್ಲ. ಮಗುವಿಗೆ ನಾಲ್ಕು ತಿಂಗಳು ಆದಾಗ ಯಾರೋ ಬಂದು, ಇನ್ನೂ ಮಾತ್ರೆ ನುಂಗ್ತಾ ಇದ್ದೀರಾ, ಹಾಗಾದರೆ ದೇವರ ಮೇಲೆ ವಿಶ್ವಾಸ ಇಲ್ಲ ಅಂದ ಹಾಗಾಯ್ತು ಅಂದರು. ನನಗೆ ಆಗ 19 ವರ್ಷ. ಬಹಳ ಭಕ್ತಿ. ನಾನೇ ಮಾತ್ರೆ ಡಬ್ಬ ತೆಗೆದು ಅಟ್ಟದ ಮೇಲೆ ಬಚ್ಚಿಟ್ಟೆ, ಅದರ ಬದಲಿಗೆ ಅಕ್ಕನ ಕೈಗೆ ಜಪಸರ ಕೊಟ್ಟೆ. ಹತ್ತನೇ ದಿನ ರಾತ್ರಿ ಅಕ್ಕ ಮಗುವನ್ನು ಎತ್ತಿಕೊಂಡು ವಠಾರದ ಬಾವಿಕಟ್ಟೆ ಹತ್ತಿರ ನಿಂತಿದ್ದಳು. ಪಕ್ಕದ ಮನೆಯ ಮುಸ್ಲಿಂ ಅಜ್ಜಿ, ನಾವೆಲ್ಲ ನಾನಿಮಾ ಅಂತಿದ್ವಿ, ನೀರಿಗೆ ಅಂತ ಎದ್ದವರು ನೋಡಿದರು. ಕೂಗಲಿಲ್ಲ. ನಿಧಾನವಾಗಿ ಹತ್ತಿರ ಹೋಗಿ, “ಮಗುಗೆ ಚಳಿ ಆಗ್ತದೆ ಬೇಟಿ, ನನಗೆ ಕೊಡು” ಅಂತ ಕೈ ನೀಡಿದರು. ಅಕ್ಕ ಕೊಟ್ಟಳು.

ಆದ್ದರಿಂದ ಇದು ಯಾರ ಪಾಪ ಅಂತ ಕೇಳಿದ ತಾಯಿಗೆ ನಾನು ಉತ್ತರ ಕೊಡುವಾಗ, ಪುಸ್ತಕ ಓದಿ ಹೇಳ್ತಿದ್ದೀನಿ ಅಂದುಕೋಬೇಡಿ.

ಇದೇ ಪ್ರಶ್ನೆಯನ್ನು ಯೇಸುಸ್ವಾಮಿಗೆ ಅವರ ಶಿಷ್ಯರೇ ಕೇಳಿದ್ದರು. ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿದೆ. ದಾರಿಯಲ್ಲಿ ಹುಟ್ಟುಕುರುಡ ಒಬ್ಬ ಕೂತಿದ್ದಾನೆ. ಶಿಷ್ಯರು, ಇವನು ಕುರುಡನಾಗಿ ಹುಟ್ಟಿದ್ದಕ್ಕೆ ಪಾಪ ಮಾಡಿದವನು ಯಾರು, ಇವನಾ ಇವನ ಹೆತ್ತವರಾ ಅಂತ ಕೇಳ್ತಾರೆ. ಯೇಸುಸ್ವಾಮಿ, ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಅಂತ ಹೇಳ್ತಾರೆ. ನೋಡಿ, ಶಿಷ್ಯರಿಗೆ ಅವನು ಚರ್ಚೆಯ ವಿಷಯ. ಎದುರಿಗೆ ಮನುಷ್ಯ ಕೂತಿದ್ದಾನೆ, ಅವನಿಗೂ ಕೇಳಿಸುತ್ತೆ ಅನ್ನೋ ಜ್ಞಾನ ಇಲ್ಲ. ನಮ್ಮ ವಠಾರದಲ್ಲೂ ಹಾಗೇ, ಅಕ್ಕನ ಎದುರಿಗೇ ಎಲ್ಲ ಮಾತಾಡೋರು. ಯೇಸುಸ್ವಾಮಿ ಮಾತ್ರ ಕೆಳಗೆ ಬಗ್ಗಿ, ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚಿದರು.

ಕಾಯಿಲೆ ಬಂದರೆ ದೇವರ ಕೋಪ ಅನ್ನೋದು ನಮಗೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಮನೆಮನೆಯಲ್ಲೂ ಹೆಣ ಬಿತ್ತು. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಕ್ರೈಸ್ತರು ಪ್ಲೇಗಿನ ಕಾಲಕ್ಕೆಲ್ಲ ಸಂತ ಸೆಬಾಸ್ಟಿಯನ್ನರನ್ನು, ಸಂತ ರೋಕರನ್ನು ನೆನೆಯೋದು ರೂಢಿ. ಪ್ರಾರ್ಥನೆ ತಪ್ಪಲ್ಲ. ಆದರೆ ಇಲಿಯ ಮೈಮೇಲಿನ ಚಿಗಟದಿಂದ ಆ ರೋಗ ಹರಡುತ್ತೆ ಅಂತ ಗೊತ್ತಾದ ಮೇಲೆ, ಪ್ಲೇಗ್ ಬಂದ ಮನೆಯವರನ್ನು ಪಾಪಿಗಳು ಅನ್ನೋದು ನಿಂತಿತು. ಗಾಳಿ ಬೆಳಕು ಬರೋ ಹಾಗೆ ಅಗಲ ರಸ್ತೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಂ ಬಡಾವಣೆ ಮಾಡಿದ್ದೇ ಆ ಪ್ಲೇಗಿನ ಕಾಲದಲ್ಲಿ. ನಮ್ಮ ಚಾಮರಾಜಪೇಟೆ ಅದಕ್ಕೂ ಕೆಲವು ವರ್ಷ ಹಳೆಯದು, 1892ರದ್ದು. ಪ್ಲೇಗಿಗೆ ನಾವು ಕೊಟ್ಟ ನ್ಯಾಯವನ್ನು ಮನಸ್ಸಿನ ಕಾಯಿಲೆಗೆ ಮಾತ್ರ ಇನ್ನೂ ಕೊಟ್ಟಿಲ್ಲ. ಸಕ್ಕರೆ ಕಾಯಿಲೆ ಅಂದರೆ ಅಯ್ಯೋ ಪಾಪ ಅಂತೀವಿ. ಮನಸ್ಸಿನ ಕಾಯಿಲೆ ಅಂದರೆ ಏನು ಪಾಪವೋ ಅಂತೀವಿ. ಪಾಪ ಅನ್ನೋ ಮಾತು ಅದೇ, ಎಷ್ಟು ವ್ಯತ್ಯಾಸ ನೋಡಿ!

ಇದು ಅಪರೂಪದ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್ ನವರು 2015-16ರಲ್ಲಿ 12 ರಾಜ್ಯಗಳಲ್ಲಿ ಸಮೀಕ್ಷೆ ಮಾಡಿದಾಗ ದೊಡ್ಡವರಲ್ಲಿ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು, 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಇಪ್ಪತ್ತು ಜನರ ನಮ್ಮ ಸಂಘದ ಲೆಕ್ಕದಲ್ಲಿ ಇಬ್ಬರು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನಮ್ಮ ಅಕ್ಕನಿಗೆ ಬಂದಂಥ ಸನ್ನಿ ಸಾವಿರ ಹೆರಿಗೆಗೆ ಒಂದೋ ಎರಡೋ. ಆದರೆ ಹೆರಿಗೆ ಆದಮೇಲೆ ವಾರಗಟ್ಟಲೆ ಮನಸ್ಸು ಕುಗ್ಗಿ, ಮಗುವಿನ ಮೇಲೆ ಪ್ರೀತಿನೇ ಬರ್ತಿಲ್ಲ ಅಂತ ಒಳಗೇ ಕೊರಗೋರು ನಮ್ಮ ದೇಶದಲ್ಲಿ ಐದು ಬಾಣಂತಿಯರಲ್ಲಿ ಒಬ್ಬರ ಆಸುಪಾಸು ಇದ್ದಾರೆ. ತಾಯಿಯಾಗಿ ಹೀಗಾ ಅಂತ ಯಾರಾದರೂ ಅಂದಾರು ಅಂತ ಬಾಯಿ ಬಿಡೋದಿಲ್ಲ.

ಈಗ ಪಾಪದ ಮಾತಿಗೆ ಬರ್ತೀನಿ. ಒಂದು ಕೆಲಸ ಮಾರಕ ಪಾಪ ಆಗಬೇಕಾದರೆ ಮೂರು ಇರಬೇಕು ಅಂತ ನಮಗೆ ಜ್ಞಾನೋಪದೇಶದ ತರಗತಿಯಲ್ಲೇ ಹೇಳಿಕೊಟ್ಟಿದ್ದಾರೆ. ವಿಷಯ ಗಂಭೀರವಾಗಿರಬೇಕು. ಅದು ಪಾಪ ಅಂತ ಪೂರ್ತಿ ಗೊತ್ತಿರಬೇಕು. ಗೊತ್ತಿದ್ದೂ ಪೂರ್ಣ ಮನಸ್ಸಿನಿಂದ ಒಪ್ಪಿ ಮಾಡಿರಬೇಕು. ಮನಸ್ಸೇ ಕಾಯಿಲೆ ಬಿದ್ದಾಗ ಪೂರ್ಣ ಮನಸ್ಸಿನ ಒಪ್ಪಿಗೆ ಎಲ್ಲಿಂದ ಬರುತ್ತೆ? ನಮ್ಮ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಭಯ, ಬಲವಂತ, ಮನಸ್ಸಿನ ತೊಂದರೆ ಇವು ಮನುಷ್ಯನ ಹೊಣೆಯನ್ನು ಕಡಿಮೆ ಮಾಡ್ತವೆ, ಕೆಲವು ಸಲ ಇಲ್ಲವಾಗಿಸ್ತವೆ. ಆತ್ಮಹತ್ಯೆ ಮಾಡಿಕೊಂಡವರ ವಿಷಯದಲ್ಲೂ ಅದೇ ಮಾತು. ಅವರ ರಕ್ಷಣೆಯ ಆಸೆ ಬಿಡಬೇಡಿ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತೆ ಅಂತ ಇದೆ. 1917ರ ಹಳೆಯ ಧರ್ಮಸಭಾ ಕಾನೂನಿನಲ್ಲಿ ಬೇಕೆಂದೇ ಪ್ರಾಣ ಕಳಕೊಂಡವರಿಗೆ ಚರ್ಚಿನ ಮಣ್ಣು ಸಂಸ್ಕಾರ ಇಲ್ಲ ಅಂತಿತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತು ಇಲ್ಲ. ಮನೆಯಲ್ಲಿ ಅಂಥ ದುಃಖ ಕಂಡವರು ಇಲ್ಲಿ ಇದ್ದರೆ, ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ, ನಿಮ್ಮ ಮಗುವಿನ ಹೆಸರಿನಲ್ಲಿ ಪೂಜೆ ಕೊಡೋದಕ್ಕೆ ನಾಚಿಕೊಳ್ಳಬೇಡಿ.

ಇಷ್ಟು ಹೇಳಿದ ಕೂಡಲೇ ಕಾಯಿಲೆ ಇರೋರೆಲ್ಲ ಏನು ಮಾಡಿದರೂ ಸರಿ ಅಂತ ನಾನು ಹೇಳ್ತಿಲ್ಲ. ಕಾಯಿಲೆಯವರೂ ನಮ್ಮ ಹಾಗೆ ಮನುಷ್ಯರು. ಒಳ್ಳೆ ದಿನಗಳಲ್ಲಿ ಸುಳ್ಳು ಹೇಳ್ತಾರೆ, ಜಗಳ ಆಡ್ತಾರೆ, ಪಾಪನಿವೇದನೆಗೂ ಹೋಗ್ತಾರೆ. ಅವರನ್ನು ದೇವತೆ ಮಾಡೋದೂ ಬೇಡ, ದೆವ್ವ ಮಾಡೋದೂ ಬೇಡ.

ಒಂದು ಗುರುತು ಹೇಳ್ತೀನಿ, ನಿಮಗೆ ಉಪಯೋಗ ಆಗುತ್ತೆ. ಮನಸ್ಸಾಕ್ಷಿ ಚುಚ್ಚೋದು ಬೇರೆ, ಕಾಯಿಲೆ ಚುಚ್ಚೋದು ಬೇರೆ. ನಾನು ಮಾತ್ರೆ ಬಚ್ಚಿಟ್ಟಿದ್ದಕ್ಕೆ ನನ್ನ ಮನಸ್ಸಾಕ್ಷಿ ಚುಚ್ಚಿತು. ಏನು ತಪ್ಪು, ಯಾವ ದಿನ, ಯಾರಿಗೆ, ಎಲ್ಲ ನನಗೆ ಗೊತ್ತಿತ್ತು. ಹೋಗಿ ಪಾಪನಿವೇದನೆ ಮಾಡಿದೆ, ಅಕ್ಕನ ಹತ್ತಿರ ಅತ್ತೆ, ಮನಸ್ಸು ಹಗುರ ಆಯ್ತು. ಅಕ್ಕನದು ಹಾಗಲ್ಲ. ಅವಳು ಹೇಳ್ತಿದ್ದ ಪಾಪ ಪಾಪವೇ ಅಲ್ಲ. ಎಷ್ಟು ಸಲ ಪಾಪನಿವೇದನೆ ಮಾಡಿದರೂ ಅದು ಹೋಗ್ತಿರಲಿಲ್ಲ, ಅರ್ಧ ಗಂಟೆಗೆ ಮತ್ತೆ ಅದೇ. ಕ್ಷಮೆ ಸಿಕ್ಕರೂ ಆರದ ಪಾಪ, ಕಾರಣ ಕೇಳಿದರೆ ಹಿಡಿಗೆ ಸಿಗದ ಪಾಪ, ಊಟ ನಿದ್ದೆ ತಿನ್ನೋ ಪಾಪ, ಇದು ಡಾಕ್ಟರಿಗೆ ತೋರಿಸಬೇಕಾದ್ದು. ಯೇಸು ಸಭೆಯನ್ನು ಕಟ್ಟಿದ ಸಂತ ಇಗ್ನಾಸಿಯವರೇ 1522ರಲ್ಲಿ ಮನ್ರೇಸಾ ಅನ್ನೋ ಊರಿನಲ್ಲಿದ್ದಾಗ ತಿಂಗಳುಗಟ್ಟಲೆ ಹೀಗೆ ನರಳಿದರು. ಹೇಳಿದ ಪಾಪವನ್ನೇ ಮತ್ತೆ ಮತ್ತೆ ಹೇಳೋದು, ಸರಿಯಾಗಿ ಹೇಳಿದೆನೋ ಇಲ್ಲವೋ ಅನ್ನೋ ಅನುಮಾನ. ಪ್ರಾಣ ಬಿಡೋ ಯೋಚನೆಯೂ ಬಂದಿತ್ತು. ಅವರ ಭಕ್ತಿಗೆ ಏನು ಕಮ್ಮಿ ಇತ್ತು ಹೇಳಿ!

ಸಂತರ ಮಾತು ಬಂದಿದ್ದರಿಂದ ಇನ್ನಿಬ್ಬರ ವಿಷಯ ಹೇಳಿಬಿಡ್ತೀನಿ.

ಚಿಕ್ಕ ತೆರೇಸಮ್ಮನವರು ನಿಮಗೆಲ್ಲ ಗೊತ್ತು, ಗುಲಾಬಿ ಹಿಡಿದುಕೊಂಡು ನಿಂತಿರ್ತಾರಲ್ಲ, ಫ್ರಾನ್ಸ್ ದೇಶದವರು. ಅವರ ತಾಯಿ ಝೆಲಿ ಲೇಸು ಹೆಣೆಸೋ ವ್ಯಾಪಾರ ನಡೆಸಿ, ಎಷ್ಟೋ ಹೆಂಗಸರಿಗೆ ಕೆಲಸ ಕೊಟ್ಟವರು, ನಮ್ಮ ಸಂಘದಲ್ಲಿದ್ದರೆ ಪ್ರತಿನಿಧಿ ಆಗ್ತಿದ್ದರು. ತಂದೆ ಲೂಯಿ ಮಾರ್ತೆ. ಐದು ಹೆಣ್ಣುಮಕ್ಕಳೂ ಕನ್ಯಾಸ್ತ್ರೀಯರಾದರು. ಈ ತಂದೆಗೆ ವಯಸ್ಸಾದ ಮೇಲೆ ಮೆದುಳಿನ ಕಾಯಿಲೆ ಬಂತು. ನೆನಪು ತಪ್ಪೋದು, ಮನೆ ಬಿಟ್ಟು ಹೊರಟುಹೋಗೋದು, ಇಲ್ಲದ್ದು ಕಾಣೋದು. 1889ರ ಫೆಬ್ರವರಿ 12ರಂದು ಕಾಂ ಅನ್ನೋ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮೂರು ವರ್ಷ ಅಲ್ಲೇ ಇದ್ದರು. ಊರಿನವರು ಸುಮ್ಮನಿದ್ದರಾ? ಹೆಣ್ಣುಮಕ್ಕಳೆಲ್ಲ ಮಠಕ್ಕೆ ಹೋದರು, ಅದರಲ್ಲೂ ಮುದ್ದಿನ ಕಿರಿಮಗಳು ಹೋದಳು, ಅದಕ್ಕೇ ಅಪ್ಪನಿಗೆ ಹುಚ್ಚು ಹಿಡೀತು ಅಂತ ಆಡಿಕೊಂಡರು. ಆ ಮಾತು ಮಠದ ಗೋಡೆ ದಾಟಿ ತೆರೇಸಮ್ಮನ ಕಿವಿಗೂ ಬಿತ್ತು. ಅದೇ ಲೂಯಿ ಮಾರ್ತೆಯವರನ್ನು, ಹೆಂಡತಿ ಝೆಲಿಯವರ ಜೊತೆಗೆ, 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಸಾರಿದರು. ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಸಂತರು ಅಂತ ಸಾರಿದ್ದು ಅದೇ ಮೊದಲು. ಮಾನಸಿಕ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರಿದ್ದವರು ಈಗ ಸಂತರ ಪಟ್ಟಿಯಲ್ಲಿದ್ದಾರೆ.

ಇನ್ನೊಬ್ಬರು ದೇವರ ಯೊವಾನ್ನರು. ಪುಸ್ತಕ ಮಾರಿಕೊಂಡಿದ್ದವರು. 1539ರ ಸುಮಾರಿಗೆ ಸ್ಪೇನಿನ ಗ್ರನಾಡದಲ್ಲಿ ಒಂದು ಪ್ರಸಂಗ ಕೇಳಿ ಪಾಪದ ಭಯ ತಲೆಗೆ ಹತ್ತಿ, ಬಟ್ಟೆ ಹರಕೊಂಡು ಬೀದಿಯಲ್ಲಿ ಹೊರಳಾಡಿದರು. ಹಿಡಿದು ಆಸ್ಪತ್ರೆಗೆ ಹಾಕಿದರು. ಆ ಕಾಲದ ಚಿಕಿತ್ಸೆ ಅಂದರೆ ಕಟ್ಟಿಹಾಕಿ ಚಾವಟಿಯಲ್ಲಿ ಹೊಡೆಯೋದು. ಹೊರಗೆ ಬಂದ ಮೇಲೆ ಅವರು, ರೋಗಿಗಳನ್ನು ಹೀಗೆ ನಡೆಸಿಕೊಳ್ಳಬಾರದು ಅಂತ ತಾವೇ ಒಂದು ಆಸ್ಪತ್ರೆ ತೆರೆದರು. ಅವರ ಹಬ್ಬ ಮಾರ್ಚ್ 8. ನಾವು ಮಹಿಳಾ ದಿನ ಮಾಡೋ ದಿನವೇ.

ಆದರೆ ಬೈಬಲಿನಲ್ಲಿ ದೆವ್ವ ಬಿಡಿಸಿದ್ದಾರಲ್ಲ ಅಂತ ನೀವು ಕೇಳಬಹುದು. ಹೌದು, ಇದೆ. ಅದೇ ಬೈಬಲಿನಲ್ಲಿ ಸಂತ ಮತ್ತಾಯರು ಯೇಸುಸ್ವಾಮಿಯ ಹತ್ತಿರ ಕರೆತಂದವರ ಪಟ್ಟಿ ಕೊಡುವಾಗ ದೆವ್ವ ಹಿಡಿದವರು, ಮೂರ್ಛೆರೋಗದವರು, ಪಾರ್ಶ್ವವಾಯುವಿನವರು ಅಂತ ಬೇರೆ ಬೇರೆ ಹೆಸರಿಸಿದ್ದಾರೆ. ನಮ್ಮ ಧರ್ಮಸಭೆಯಲ್ಲಿ ದೆವ್ವ ಬಿಡಿಸೋ ವಿಧಿಯನ್ನು ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿ ಪಡೆದ ಗುರುಗಳು ಮಾತ್ರ ಮಾಡಬಹುದು, ಅದೂ ಇದು ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ. ಮನಸ್ಸಿನ ಕಾಯಿಲೆ ನೋಡೋದು ವೈದ್ಯರ ಕೆಲಸ ಅಂತ ಧರ್ಮೋಪದೇಶ ಗ್ರಂಥವೇ ಹೇಳುತ್ತೆ. ಹಾಗಾಗಿ ಕೂಟದಲ್ಲಿ ಮೈಕು ಹಿಡಿದವರು ಯಾರೇ ಆಗಲಿ, ನಿನ್ನ ಮಗಳಿಗೆ ದೆವ್ವ ಹಿಡಿದಿದೆ ಅಂದರೆ, ನಿಮಗೆ ಧರ್ಮಾಧ್ಯಕ್ಷರ ಅನುಮತಿ ಇದೆಯಾ ಅಂತ ಕೇಳಿ. ಕೇಳಿದರೆ ಪಾಪ ಬರೋದಿಲ್ಲ.

ಗೆರಸೇನರ ಊರಿನ ಆ ಮನುಷ್ಯನ ಕಥೆ ನನಗೆ ಬಹಳ ಇಷ್ಟ. ಊರವರು ಅವನನ್ನು ಸರಪಳಿ ಹಾಕಿ ಕಟ್ಟಿದ್ದರು, ಅವನು ಕಿತ್ತುಕೊಂಡು ಸಮಾಧಿಗಳ ನಡುವೆ ಇರ್ತಿದ್ದ. ಯೇಸುಸ್ವಾಮಿ ಗುಣಪಡಿಸಿದ ಮೇಲೆ ನಾನೂ ನಿಮ್ಮ ಜೊತೆ ಬರ್ತೀನಿ ಅಂದ. ಬೇಡ, ನಿನ್ನ ಮನೆಗೆ, ನಿನ್ನವರ ಹತ್ತಿರ ಹೋಗು ಅಂದರು. ಗುಣ ಅಂದರೆ ಅದು, ಮನೆಗೆ ಹೋಗೋದು. ನಾವು ಮಾತ್ರ ಇನ್ನೂ ಸರಪಳಿ ಹಿಡಕೊಂಡಿದ್ದೀವಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಇಂಥವರನ್ನು ಇಟ್ಟುಕೊಂಡಿದ್ದ ಒಂದು ಚಪ್ಪರಕ್ಕೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿಯಲ್ಲಿ ಕಟ್ಟಿದ್ದರಿಂದ ಓಡೋದಕ್ಕಾಗಲಿಲ್ಲ. ಅಲ್ಲಿಗೆ ಬಿಟ್ಟು ಹೋಗಿದ್ದವರು ಕೆಟ್ಟವರೇನಲ್ಲ, ದೇವರ ನೆರಳಿನಲ್ಲಿ ಗುಣ ಆಗಲಿ ಅಂತ ಬಿಟ್ಟಿದ್ದರು. ಎಲ್ಲ ಧರ್ಮದವರ ಹತ್ತಿರವೂ ಇಂಥ ಸರಪಳಿ ಇದೆ. ಈಗ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಯಾವ ರೀತಿಯಲ್ಲೂ ಸರಪಳಿ ಹಾಕೋ ಹಾಗಿಲ್ಲ.

ಮಾತ್ರೆಯಾ ಪ್ರಾರ್ಥನೆಯಾ ಅಂತ ಕೇಳೋದೇ ತಪ್ಪು ಪ್ರಶ್ನೆ. ನಮ್ಮ ಕಥೋಲಿಕ ಬೈಬಲಿನಲ್ಲಿ ಸಿರಾಖನ ಗ್ರಂಥ ಅಂತ ಇದೆ. ಅದರ 38ನೇ ಅಧ್ಯಾಯದಲ್ಲಿ ವೈದ್ಯನನ್ನು ಗೌರವಿಸು, ಅವನನ್ನೂ ದೇವರೇ ಉಂಟುಮಾಡಿದ್ದು, ಮದ್ದನ್ನು ಭೂಮಿಯಿಂದ ದೇವರೇ ಹುಟ್ಟಿಸಿದ್ದು ಅನ್ನೋ ಅರ್ಥದ ಮಾತಿದೆ. ಅದೇ ಅಧ್ಯಾಯ ಕಾಯಿಲೆಯಲ್ಲಿ ಪ್ರಾರ್ಥಿಸು ಅಂತಲೂ ಹೇಳುತ್ತೆ. ಎರಡೂ ಒಂದೇ ಪುಟದಲ್ಲಿ. 19 ವರ್ಷದಲ್ಲಿ ನನಗೆ ಯಾರಾದರೂ ಆ ಪುಟ ತೋರಿಸಿದ್ದರೆ!

ಕಾಯಿಲೆ ಜೋರಾಗಿದ್ದಾಗ ಪ್ರಾರ್ಥನೆ ಬಾಯಿಗೆ ಬರೋದಿಲ್ಲ. ಅದು ಪಾಪವಲ್ಲ. ಪ್ರವಾದಿ ಎಲೀಯ ದೊಡ್ಡ ದೊಡ್ಡ ಅದ್ಭುತ ಮಾಡಿದವರು, ಒಂದು ದಿನ ಸೋತು ಕಾಡಿಗೆ ಹೋಗಿ ಒಂದು ಗಿಡದ ಕೆಳಗೆ ಬಿದ್ದು, ಸಾಕು ದೇವರೇ, ನನ್ನ ಪ್ರಾಣ ತಗೋ ಅಂದರು. ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತನ ಕೈಯಲ್ಲಿ ಬಿಸಿ ರೊಟ್ಟಿ, ನೀರು ಕಳಿಸಿದರು. ತಿಂದು ಮಲಗಿದರು. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದರು. ಮಾತುಕತೆ ಎಲ್ಲ ಆಮೇಲೆ. ಮನೆಗೆ ಬಂದ ನಮ್ಮ ಸ್ವಾಮಿಗಳೂ ನಿದ್ದೆ, ಊಟ ಅಂತಲೇ ಶುರು ಮಾಡಿದ್ದು ನನಗೆ ಇದನ್ನು ಓದುವಾಗೆಲ್ಲ ನೆನಪಾಗುತ್ತೆ.

ಆಧ್ಯಾತ್ಮಿಕವಾಗಿ ಬೆಳೆಯೋದು ಅಂದರೆ ಏನು ಅಂತ ನನ್ನನ್ನು ಕೇಳಿದರೆ, ಅಕ್ಕನ ಕಾಯಿಲೆಯಲ್ಲಿ ಪರೀಕ್ಷೆ ಇದ್ದಿದ್ದು ನನಗೆ, ಅವಳಿಗಲ್ಲ. ಮಾತ್ರೆ ಕೊಡೋದು, ಒಂದೇ ಮಾತನ್ನು ಐವತ್ತು ಸಲ ಕೇಳೋದು, ಕೇಳಿ ಕೇಳಿ ರೇಗದೆ ಇರೋದು, ರೇಗಿದರೆ ಸಂಜೆ ಹೋಗಿ ಕೈ ಹಿಡಿಯೋದು. ನೋಡಿಕೊಳ್ಳೋರಿಗೂ ಸುಸ್ತಾಗುತ್ತೆ, ಕೋಪ ಬರುತ್ತೆ, ಒಂದೊಂದು ಸಲ ಇವಳು ಇಲ್ಲದಿದ್ದರೇ ಚೆನ್ನಾಗಿತ್ತು ಅನಿಸುತ್ತೆ. ನನಗೂ ಅನಿಸಿದೆ. ಅದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳಿ, ಒಳಗೆ ಇಟ್ಟುಕೊಂಡರೆ ಕಹಿಯಾಗುತ್ತೆ. ಪಾಪ ಬೇಕೇ ಬೇಕು ಅನ್ನೋರಿಗೆ ಹುಡುಕೋ ಜಾಗ ಬೇರೆ ಇದೆ. ಮದುವೆ ಮಾಡಿದರೆ ಸರಿಹೋಗುತ್ತೆ ಅಂತ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡೋದರಲ್ಲಿ ಹುಡುಕಲಿ. ಕುಡಿದು ಬಂದು ದಿನಾ ಹೊಡೆದು, ಹೆಂಡತಿ ಮನಸ್ಸು ಕೆಟ್ಟ ಮೇಲೆ ಅವಳನ್ನೇ ಹುಚ್ಚಿ ಅನ್ನೋದರಲ್ಲಿ ಹುಡುಕಲಿ.

ನಮ್ಮ ಸಂಘಗಳಲ್ಲೂ ಇದೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದಲ್ಲಿ ಊದುಬತ್ತಿ ಹೊಸೆಯೋ ಒಬ್ಬ ಸದಸ್ಯೆ ಆರು ವಾರ ಸಭೆಗೆ ಬರಲಿಲ್ಲ. ಮೂರು ಕಂತು ಬಾಕಿ. ಗೈರುಹಾಜರಿಗೆ ವಾರಕ್ಕೆ ಐದು ರೂಪಾಯಿ ದಂಡ ಏರ್ತಾ ಹೋಯ್ತು. ಸೋಂಬೇರಿ, ದುಡ್ಡು ನುಂಗಿದಳು, ಸಂಘದಿಂದ ತೆಗೆಯಿರಿ ಅಂತ ನಡಾವಳಿ ಪುಸ್ತಕದಲ್ಲಿ ಬರೆದೂ ಆಗಿತ್ತು. ಸಹಿ ಹಾಕೋ ಮುಂಚೆ ಪ್ರತಿನಿಧಿ ಅವಳ ಮನೆಗೆ ಹೋದರು. ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡು ಕತ್ತಲಲ್ಲಿ ಮಲಗಿದ್ದಳಂತೆ, ತಲೆ ಬಾಚಿ ಎಷ್ಟೋ ದಿನ ಆಗಿತ್ತು, ಹೊಸೆದ ಊದುಬತ್ತಿಯ ಕಟ್ಟು ಹಾಗೇ ಬಿದ್ದಿತ್ತು. ಆಮೇಲೆ ಆ ಸಂಘದವರು ಏನು ಮಾಡಿದರು ಅಂದರೆ, ದಂಡ ಬಿಟ್ಟರು, ಕಂತನ್ನು ಚಿಕ್ಕದು ಮಾಡಿ ಮುಂದಕ್ಕೆ ಹಾಕಿದರು, ಆಸ್ಪತ್ರೆಗೆ ಪ್ರತಿ ಸಲ ಇಬ್ಬರು ಜೊತೆಗೆ ಹೋದರು. ಒಬ್ಬರು ದಿನಾ ಸಂಜೆ ಹಾಲು ತರೋ ನೆಪದಲ್ಲಿ ಹೋಗಿ ಮಾತ್ರೆ ತಗೊಂಡಳಾ ಅಂತ ನೋಡ್ತಿದ್ದರು. ಎಂಟು ತಿಂಗಳಿಗೆ ಬಾಕಿ ತೀರಿತು. ಆ ನಡಾವಳಿ ಪುಟ ಈಗಲೂ ಇದೆ, ಸಹಿ ಇಲ್ಲದೆ.

ಎಲ್ಲಿಗೆ ಹೋಗಬೇಕು ಅಂತ ಹೇಳಿಬಿಡ್ತೀನಿ. ನಮ್ಮ ಊರಿನಲ್ಲೇ ನಿಮ್ಹಾನ್ಸ್ ಇದೆ, ದೂರದೂರದ ರಾಜ್ಯದವರು ರೈಲಿನಲ್ಲಿ ಬರ್ತಾರೆ, ನಾವು ಪಕ್ಕದಲ್ಲಿದ್ದೂ ಹುಚ್ಚಾಸ್ಪತ್ರೆ ಅಂತ ನಾಚಿಕೊಳ್ತೀವಿ. ಮೊದಲು ಅದು ಪೇಟೆಯಲ್ಲೇ ಇತ್ತು. ಹಳೇ ಹೆಸರನ್ನು ಸರ್ಕಾರವೇ 1925ರಲ್ಲಿ ಬಿಟ್ಟು ಮಾನಸಿಕ ಆಸ್ಪತ್ರೆ ಅಂತ ಮಾಡಿತು, ನಾವು ನೂರು ವರ್ಷವಾದರೂ ಬಿಟ್ಟಿಲ್ಲ. 1974ರಲ್ಲಿ ನಿಮ್ಹಾನ್ಸ್ ಆಯ್ತು. ಬಾಣಂತಿಯರಿಗೆ ಅಂತಲೇ, ಮಗುವಿನ ಜೊತೆಗೇ ಉಳಿಯೋ ವಾರ್ಡನ್ನು 2009ರಲ್ಲಿ ಅಲ್ಲಿ ಮಾಡಿದ್ದಾರೆ. ನಮ್ಮ ಅಕ್ಕನ ಕಾಲಕ್ಕೆ ಅದಿರಲಿಲ್ಲ. ಮಗುವನ್ನು ಮನೆಯಲ್ಲಿಟ್ಟುಕೊಂಡು ನಾವು ಒದ್ದಾಡಿದ್ವಿ, ಅವಳು ಅಲ್ಲಿ ಎದೆಹಾಲು ಕಟ್ಟಿ ನೋವು ತಿಂದಳು. ಚಿಕಿತ್ಸೆಗೆ ಅಂತ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡಬಾರದು ಅಂತ ಈಗ ಕಾಯ್ದೆಯಲ್ಲೇ ಇದೆ. ಬಿಪಿಎಲ್ ಕಾರ್ಡು ಇದ್ದವರು ಮರೆಯದೆ ತಗೊಂಡು ಹೋಗಿ. ಹೋಗೋದಕ್ಕೆ ಮುಂಚೆ ಫೋನಿನಲ್ಲಿ ಕೇಳಬೇಕು ಅಂದರೆ 14416, ಟೆಲಿ ಮನಸ್ ಅಂತ. 2022ರ ಅಕ್ಟೋಬರ್ 10ರಿಂದ ಇದೆ, ದುಡ್ಡಿಲ್ಲ, ರಾತ್ರಿ ಹೊತ್ತೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ಬರೆದುಕೊಳ್ಳಿ, ಪಾಸ್‌ಬುಕ್ಕಿನ ಹಿಂದೆ ಬರೆದುಕೊಳ್ಳಿ. ಹೆರಿಗೆಯಾಗಿ ಎರಡು ವಾರದೊಳಗೆ ಬಾಣಂತಿ ರಾತ್ರಿಯಿಡೀ ನಿದ್ದೆಯಿಲ್ಲದೆ ಅಸಂಬದ್ಧ ಮಾತಾಡ್ತಿದ್ದರೆ ಮಾತ್ರ ಫೋನು ಗೀನು ಬೇಡ, ಅವತ್ತೇ ಆಸ್ಪತ್ರೆಗೆ. ಮಗುವನ್ನೂ ಅವಳನ್ನೂ ಒಬ್ಬರೇ ಬಿಡಬೇಡಿ. ಡಾಕ್ಟರು ಹೇಳೋ ತನಕ ಮಾತ್ರೆ ನಿಲ್ಲಿಸಬೇಡಿ, ಚೆನ್ನಾಗಿದ್ದೀನಿ ಅಂತ ಅವಳೇ ಹೇಳಿದರೂ.

ಚೀಟಿ ಬರೆದ ಅಮ್ಮ, ನಿಮ್ಮ ಮಗಳ ಕಾಯಿಲೆ ನಿಮ್ಮ ಪಾಪ ಅಲ್ಲ, ಅವಳ ಪಾಪವೂ ಅಲ್ಲ. ನೀವು ಯಾರು ಅಂತ ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಬುಧವಾರ ಬೆಳಿಗ್ಗೆ ಏಳು ಗಂಟೆಗೆ ನಾನು ಮಾರ್ಕೆಟ್ ಬಸ್ ಸ್ಟ್ಯಾಂಡಿನಲ್ಲಿ ಇರ್ತೀನಿ. ನಮ್ಮ ಅಕ್ಕನೂ ಬರ್ತಾಳೆ, ಅವಳಿಗೆ ಅವತ್ತು ಕೆಲಸಕ್ಕೆ ರಜ. ಮೊಮ್ಮಗುವನ್ನು ಎತ್ತಿಕೊಂಡು ಬಂದರೆ ಬೇಜಾರು ಮಾಡ್ಕೋಬೇಡಿ, ಬಿಟ್ಟು ಬಾ ಅಂದರೆ ಅವಳು ಕೇಳೋದಿಲ್ಲ.